ಲಿಂಗಪ್ಪನವರ ಎಡ ಅಂಗೈ

ಕೆಲಸಕ್ಕೆ ಹೊರಡುವ ಮೊದಲು ಕುಸುಮಾ ಬಚ್ಚಲಿಗೆ ಹೋಗಿ ಬಿಸಿನೀರಿನ ಹಂಡೆಯ ಮೈಗೆ ಎರಡೂ ಅಂಗೈ ತಾಗಿಸಿ ನಿಲ್ಲುತ್ತಾಳೆ. ಸ್ನಾನವಾಗಿ, ತಿಂಡಿಯಾಗಿ, ಚೀಲ ಹೆಗಲಿಗೇರಿದ ಮೇಲೂ ಇದೊಂದು ಬಾಕಿ ಇರುತ್ತದೆ. ಹೊರಗೆ ಜೀಪಿನ ಹಾರನ್ ಕೇಳಿದರೂ ಅವಸರ ಮಾಡುವುದಿಲ್ಲ. ತಣ್ಣನೆಯ ಕೈ ತಗುಲಿದರೆ ರೋಗಿಯ ಬಿಗಿದುಕೊಂಡ ಸ್ನಾಯು ಇನ್ನಷ್ಟು ಬಿಗಿಯುತ್ತದೆಯಂತೆ. ಮೂಡಿಗೆರೆಯ ಚಳಿಯಲ್ಲಿ ಎಸ್ಟೇಟ್ ದಾರಿ ಹಿಡಿಯುವಷ್ಟರಲ್ಲಿ ಆ ಬಿಸಿ ಆರಿಹೋಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಆರುತ್ತೆ ಅಕ್ಕ, ಅಲ್ಲಿ ಮತ್ತೆ ಉಜ್ಕೊಳ್ತೀನಿ. ಆದ್ರೂ ಹೀಗೆ ನಿಲ್ಲದೆ ಹೋದ್ರೆ ಏನೋ ಮರ್ತು ಬಂದ ಹಾಗೆ" ಎಂದಳು.

ಅವಳು ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಾಳೆ. ಊರು ಸಂಸೆಯ ಕಡೆ. ಅಪ್ಪ ಗುರುವಯ್ಯ, ಅಮ್ಮ ಅಣ್ಣಮ್ಮ ಇಬ್ಬರೂ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದು ದುಡಿದವರು. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ಗುರುವಯ್ಯನವರು ಕಾಫಿ ಗಿಡಗಳಿಗೆ ನೆರಳಾಗುವ ಸಿಲ್ವರ್ ಮರದ ಕೊಂಬೆ ಕಡಿಯಲು ಹತ್ತಿ ಬಿದ್ದರು. ಮಂಗಳೂರಿನಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ಅಲ್ಲಿ ಒಬ್ಬ ಹುಡುಗಿ ದಿನವೂ ಬಂದು ಅವರನ್ನು ಮಗ್ಗುಲಿಗೆ ಹೊರಳಿಸಿ, ಕೂರಿಸಿ, ಕೊನೆಗೆ ಕಾಲು ನೆಲಕ್ಕೆ ಊರಿಸಿದಳು. ಆ ಹುಡುಗಿ ಏನು ಓದಿದ್ದಾಳೆಂದು ವಿಚಾರಿಸಿಕೊಂಡು ಕುಸುಮಾ ಅದನ್ನೇ, ಫಿಸಿಯೋಥೆರಪಿಯನ್ನೇ ಓದಿದಳು. ಈಗ ಮೂಡಿಗೆರೆಯ ಒಂದು ಟ್ರಸ್ಟಿನ ತಂಡದಲ್ಲಿದ್ದಾಳೆ. ಪಾರ್ಶ್ವವಾಯು ಬಡಿದವರು, ಬಿದ್ದು ಸೊಂಟ ಮುರಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಈ ತಂಡ ಅವರ ಮನೆಬಾಗಿಲಿಗೇ ಹೋಗುತ್ತದೆ. ಮಾತು ಕಲಿಸಲು ಸುಪ್ರಿಯಾ, ಕೈಕಾಲು ಆಡಿಸಲು ಕುಸುಮಾ, ಜೀಪು ಓಡಿಸಲು ರಾಜೇಶ್. ಯಾವ ದಾರಿಯಲ್ಲಿ ಆನೆ ನಿಂತಿದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೇ ರಾಜೇಶ್ ಗಾಡಿ ತೆಗೆಯುವುದು.

ಕೊಟ್ಟಿಗೆಹಾರದ ಲಿಂಗಪ್ಪನವರ ಮನೆಗೆ ಅವಳು ಹೋಗತೊಡಗಿದ್ದು ಕಾಫಿ ಹಣ್ಣಾಗುವ ಕಾಲದಲ್ಲಿ. ಅವರ ಹೆಂಡತಿ ಬಸಮ್ಮ ನನಗೆ ದೂರದ ನೆಂಟರು, ಹಾಗಾಗಿ ಈ ಕಥೆ ನನಗೆ ಎರಡೂ ಕಡೆಯಿಂದ ಕೇಳಿಬಂತು. ಲಿಂಗಪ್ಪನವರದು ಘಾಟಿ ರಸ್ತೆಯ ಮಗ್ಗುಲಲ್ಲಿ ದಿನಸಿ ಅಂಗಡಿ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಎಡಭಾಗ ಸೋತು ಕುಸಿದರು. ಜೀವ ಉಳಿಯಿತು, ಮಾತು ಸ್ವಲ್ಪ ತೊದಲಿದರೂ ಉಳಿಯಿತು. ಎಡಗಾಲು ಎಳೆಯುತ್ತಿತ್ತು. ಎಡಗೈ ಮಾತ್ರ ಮೊಣಕೈಯಲ್ಲಿ ಮಡಚಿ, ಮುಷ್ಟಿ ಬಿಗಿದು, ಎದೆಗೆ ಅಂಟಿಕೊಂಡಂತಾಯಿತು.

ತಂಡದವರು ಮೊದಲ ದಿನ ಎಲ್ಲರ ಮನೆಯಲ್ಲೂ ಒಂದು ಮಾತು ಕೇಳುತ್ತಾರೆ, ಮತ್ತೆ ಏನು ಮಾಡುವಂತಾಗಬೇಕು ಎಂದು. ಲಿಂಗಪ್ಪನವರನ್ನು ಕೇಳಿದರೆ ಮಗ ಕಲ್ಲೇಶ್ ಉತ್ತರ ಕೊಟ್ಟ.

"ಅಂಗಡಿಗೆ ಬಂದು ಗಲ್ಲಾ ಮುಂದೆ ಕೂತ್ರೆ ಸಾಕು ಮೇಡಂ. ಅಪ್ಪ ಇಲ್ಲ ಅಂದ್ರೆ ಗಿರಾಕಿಗಳು ನನ್ನನ್ನ ಕೆಲಸದವನು ಅಂದ್ಕೋತಾರೆ."

ಎಲ್ಲರೂ ನಕ್ಕರು. ಲಿಂಗಪ್ಪನವರು ನಗಲಿಲ್ಲ, ಬೇಡವೆನ್ನಲೂ ಇಲ್ಲ. ಕುಸುಮಾ ಅಂದಿನಿಂದ ಅವರನ್ನು ನಡೆಸುವುದರ ಹಿಂದೆ ಬಿದ್ದಳು. ಕೋಲು ಹಿಡಿದು ಪಡಸಾಲೆ ದಾಟಿದರು, ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಇಷ್ಟಾದರೂ ಮನುಷ್ಯ ಸೊರಗುತ್ತ ಹೋದರು. ಅಂಗಿ ಹೆಗಲಿನಿಂದ ಜಾರುವಂತಾಯಿತು.

"ತಿಂಡಿ ತಿಂದ್ರಾ ಅಪ್ಪಾಜಿ?" ಎಂದು ಕುಸುಮಾ ಕೇಳಿದರೆ ಮುಖ ಬೇರೆ ಕಡೆ ತಿರುಗಿಸುವರು.

"ತಿನ್ನದೆ ಇದ್ರೆ ಶಕ್ತಿ ಎಲ್ಲಿಂದ ಬರ್ಬೇಕು? ನಾನೇನು ಚೀಲದಲ್ಲಿ ತುಂಬ್ಕೊಂಡು ಬರ್ಲಾ?" ಎಂದು ಅವಳು ಗದರಿದಳೂ ಹೌದು.

ಒಂದು ದಿನ ಬಸಮ್ಮ ಅವಳನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದರು. ಲಿಂಗಪ್ಪನವರು ಬುದ್ಧಿ ಬಂದಾಗಿನಿಂದ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವರಲ್ಲ. ಪೂಜೆಗೆ ಲಿಂಗ ಎಡ ಅಂಗೈಯ ಮೇಲೆ ಕೂರಬೇಕು. ಆ ಅಂಗೈಯೇ ಮುಚ್ಚಿಹೋಗಿದೆ. ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಬಿಚ್ಚಿಟ್ಟಿದ್ದ, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಬಸಮ್ಮ ಮತ್ತೆ ಅವರ ಕೊರಳಿಗೆ ಕಟ್ಟಿದ್ದರು. ಅಂದಿನಿಂದ ಆ ಕರಡಿಗೆಯ ಮುಚ್ಚಳ ತೆರೆದಿಲ್ಲ. ಮಠದ ಅಯ್ಯನವರು ಬಂದು, ಮನಸ್ಸಿನಲ್ಲೇ ಮಾಡಿಕೊಳ್ಳಿ, ದೋಷವಿಲ್ಲ ಎಂದು ಹೇಳಿ ಹೋದರು. ಲಿಂಗಪ್ಪನವರು ತಲೆಯಾಡಿಸಿದರು, ಅಷ್ಟೇ. ಮಧ್ಯಾಹ್ನದವರೆಗೆ ಉಪವಾಸವಿದ್ದು, ಕೊನೆಗೆ ಮಾತ್ರೆ ನುಂಗಬೇಕಲ್ಲ ಎಂದು ನಾಲ್ಕು ತುತ್ತು ತಿನ್ನುತ್ತಾರೆ. ತಿನ್ನುವಾಗ ಕಣ್ಣು ಒದ್ದೆಯಾಗಿರುತ್ತದೆ.

"ನಾನು ಹಿಡ್ಕೊಂಡು ಕೂರ್ತೀನಿ, ನೀವು ಪತ್ರೆ ಏರ್ಸಿ ಅಂದೆ. ಅದಕ್ಕೂ ಒಪ್ಲಿಲ್ಲ. ಹಿಂಗೇ ಹೋಗ್ಬಿಡ್ತೀನೇನೋ ಬಸಮ್ಮ ಅಂತಾರೆ."

ಕುಸುಮಾ ಬೆಳೆದ ಲೈನಿನಲ್ಲಿ ದೇವರೆಂದರೆ ಹಲಸಿನ ಮರದ ಬುಡದ ಕಲ್ಲು. ಯಾವ ಕೈಯಲ್ಲಿ ಹೂವಿಟ್ಟರೂ ಆ ಕಲ್ಲು ಬೇಡವೆಂದದ್ದಿಲ್ಲ. ಅವಳು ನೇರವಾಗಿ ಒಳಗೆ ಹೋಗಿ ಲಿಂಗಪ್ಪನವರ ಪಕ್ಕ ಕೂತು, "ಬಲಗೈ ಚೆನ್ನಾಗಿದ್ಯಲ್ಲ ಅಪ್ಪಾಜಿ. ಸದ್ಯಕ್ಕೆ ಅದರಲ್ಲೇ ಇಟ್ಕೊಳ್ಳಿ" ಎಂದುಬಿಟ್ಟಳು.

ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಮುಂದಿನ ಭೇಟಿಯ ದಿನ ಕಲ್ಲೇಶನಿಂದ ಫೋನ್ ಬಂತು. ಅಪ್ಪನಿಗೆ ಜ್ವರ, ಇವತ್ತು ಬರುವುದು ಬೇಡ. ಅದರ ಮುಂದಿನ ಸಲವೂ ಜ್ವರವೇ.

"ಅದು ಜ್ವರ ಅಲ್ಲ ಮಾರಾಯ್ರೇ, ನಿಮ್ಮ ಮೇಲಿನ ಸಿಟ್ಟು" ಎಂದ ರಾಜೇಶ್.

ಅವತ್ತು ಸಂಜೆ ಅವಳು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬಲಗೈ ಎಂದದ್ದರಲ್ಲಿ ತಪ್ಪೇನು ಎಂದು ನನ್ನನ್ನು ಕೇಳಿದಳು. ನಾನೂ ಲಿಂಗ ಕಟ್ಟಿಕೊಂಡವಳೇ. ಎಡ ಅಂಗೈ ನಮಗೆ ಪೀಠ, ಬಲಗೈ ಸೇವೆ ಮಾಡುವ ಕೈ, ನೀರೆರೆದು ವಿಭೂತಿ ಹಚ್ಚಿ ಪತ್ರೆ ಏರಿಸುವುದು ಅದು, ಎಂದು ನನಗೆ ತಿಳಿದಷ್ಟು ಹೇಳಿದೆ. ಅವಳು ಮರುದಿನ ಜೀಪಿಗೆ ಕಾಯದೆ ಬಸ್ಸು ಹತ್ತಿ ಕೊಟ್ಟಿಗೆಹಾರಕ್ಕೆ ಹೋದಳು.

ಲಿಂಗಪ್ಪನವರು ಕಣ್ಣು ಮುಚ್ಚಿ ನಿದ್ದೆ ಹೋದವರಂತೆ ನಟಿಸಿದರು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಬಸಮ್ಮನವರಿಗೆ, "ಅಮ್ಮ, ಪೂಜೆಯಲ್ಲಿ ಕೈ ಹೇಗಿರುತ್ತೆ, ನನಗೊಂದು ಸಲ ತೋರ್ಸಿ. ಬರೀ ಕೈ ಸಾಕು" ಎಂದಳು.

ಬಸಮ್ಮ ಎದುರಿಗೆ ಚಕ್ಕಳಮಕ್ಕಳ ಕೂತು ಬರಿಗೈ ಎತ್ತಿ ಹಿಡಿದರು. ಕುಸುಮಾ ಸುತ್ತ ಹೋಗಿ ನೋಡಿದಳು. ಮೊಣಕೈ ಪಕ್ಕೆಗೆ ಆತುಕೊಂಡಿತ್ತು. ಅಂಗೈ ಮೇಲ್ಮುಖವಾಗಿ ಎದೆಯ ಮುಂದೆ ನಿಂತಿತ್ತು. ಬೆರಳುಗಳು ಎಲೆಯ ಅಂಚಿನಂತೆ ಸ್ವಲ್ಪ ಮೇಲೆದ್ದಿದ್ದವು.

"ಇಲ್ಲಿ ಹೆಬ್ಬೆರಳಿಂದ ಹಿಡ್ಕೊಳ್ಳೋದಿಲ್ವಾ?"

"ಯಾಕೆ ಹಿಡೀಬೇಕು ಮಗಳೇ? ಅವನು ಕೂತಿರ್ತಾನೆ."

ಮಂಚದಿಂದ ತೊದಲು ಮಾತು ಬಂತು. "ಬಿದ್ರೆ?"

ಇಬ್ಬರೂ ತಿರುಗಿ ನೋಡಿದರು. ಲಿಂಗಪ್ಪನವರು ಕಣ್ಣು ತೆರೆದಿದ್ದರು. "ನನ್ನ ಕೈಯಿಂದ ಬಿದ್ರೆ?" ಎಂದು ಮತ್ತೆ ಕೇಳಿದರು. ಕೇಳುತ್ತಿದ್ದಂತೆ ಅವರ ಎಡ ಮುಷ್ಟಿ ಇನ್ನಷ್ಟು ಬಿಗಿದದ್ದನ್ನು ಕುಸುಮಾ ಕಂಡಳು.

ಅವರನ್ನು ಎಬ್ಬಿಸಿ ಕೂರಿಸಲು ದಿಂಬು ಸರಿಸಿದಾಗ ಅದರಡಿಯಿಂದ ಒಂದು ರಬ್ಬರ್ ಚೆಂಡು ಉರುಳಿ ನೆಲಕ್ಕೆ ಬಿತ್ತು. ಯಾರೋ ಗಿರಾಕಿ ಹೇಳಿದನೆಂದು ಕಲ್ಲೇಶ್ ತಂದುಕೊಟ್ಟದ್ದು. ಹಿಂದೆಯೇ ಕುಸುಮಾ, ಚೆಂಡು ಅದುಮಬೇಡಿ, ಮುಷ್ಟಿ ಇನ್ನೂ ಗಟ್ಟಿಯಾಗುತ್ತದೆ ಎಂದು ಹೇಳಿದ್ದಳು. ಅವರು ಕೇಳಿರಲಿಲ್ಲ. ಲಿಂಗ ಜಾರಬಾರದೆಂದರೆ ಹಿಡಿತ ಬೇಕು ಎಂದುಕೊಂಡು, ಎಲ್ಲರ ಕಣ್ಣು ತಪ್ಪಿಸಿ, ಎಚ್ಚರವಿದ್ದಷ್ಟು ಹೊತ್ತೂ ಅದುಮಿದ್ದರು. ಪೂಜೆಗೆ ಕೈ ಒದಗಲಿ ಎಂದು ಪಟ್ಟ ಕಷ್ಟವೆಲ್ಲ ಕೈಯನ್ನು ಮುಚ್ಚುತ್ತ ಬಂದಿತ್ತು.

ಬಸಮ್ಮ ಹಣೆ ಹಿಡಿದುಕೊಂಡರು. "ಅಂಗಡೀಲಿ ಎಲ್ಲರಿಗೂ ಬುದ್ಧಿ ಹೇಳೋರು. ಮನೇಲಿ ನೋಡು, ದಿಂಬಿನ ಕೆಳಗೆ ಚೆಂಡು ಬಚ್ಚಿಟ್ಕೊಂಡು."

ಕುಸುಮಾ ನಗಲಿಲ್ಲ. ಚೆಂಡನ್ನು ಚೀಲಕ್ಕೆ ಹಾಕಿಕೊಂಡು, "ಅವತ್ತು ನಾನು ಬಲಗೈ ಅಂದಿದ್ದು ತಪ್ಪಾಯ್ತು ಅಪ್ಪಾಜಿ, ನನಗೆ ಗೊತ್ತಿರ್ಲಿಲ್ಲ. ಎಡಗೈಗೇ ಕೆಲಸ ಮಾಡೋಣ. ಆದ್ರೆ ಹಿಡಿಯೋದು ಕಲಿಸೋದಿಲ್ಲ, ಬಿಡೋದು ಕಲಿಸ್ತೀನಿ" ಎಂದಳು.

ಅಲ್ಲಿಂದ ಕೆಲಸವೇ ಬೇರೆಯಾಯಿತು. ಮೊದಲು ಬಿಸಿನೀರಿನ ಬಟ್ಟೆ ಸುತ್ತಿ ತೋಳು ಸಡಿಲಿಸುವುದು. ಆಮೇಲೆ ಬೆಂಚಿನ ಮೇಲೆ ಅಂಗೈ ಊರಿಸಿ ಮೈಭಾರ ಬಿಡಿಸುವುದು. ಹೆಬ್ಬೆರಳಿನ ಬುಡ ಹಿಡಿದು ಹೊರಕ್ಕೆಳೆದರೆ ಉಳಿದ ಬೆರಳುಗಳು ತಾವಾಗಿ ಸಡಿಲವಾಗುತ್ತವೆ, ಒಂದೊಂದಾಗಿ ಬೆರಳು ಎಳೆದು ಬಿಡಿಸುವುದಲ್ಲ ಎಂದು ಬಸಮ್ಮನವರಿಗೂ ಕಲಿಸಿದಳು. ಮಡಚಿದ ಕಂಬಳಿಯ ಮೇಲೆ ಮುಂಗೈ ಇಟ್ಟು ಅಂಗೈ ಮೇಲಕ್ಕೆ ತಿರುಗಿಸಬೇಕು. ಅದೇ ಕಷ್ಟ. ತಿರುಗಿದ ಕೈ ಬಿಟ್ಟ ಕೂಡಲೇ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು.

ಅಂಗೈ ಒಂದಿಷ್ಟು ಹೊತ್ತು ತೆರೆದಿರುವಂತಾದಾಗ ಅವಳು ಅಂಗಳದಿಂದ ಒಂದು ಒಣಗಿದ ಕಾಫಿ ಎಲೆ ತಂದು ಅದರ ಮೇಲಿಟ್ಟಳು.

"ಇದು ಬಿದ್ರೆ ಯಾರಿಗೂ ಏನೂ ಆಗೋದಿಲ್ಲ. ಬೀಳ್ಲಿ."

ಎಲೆ ಅಲುಗಿತು. ಲಿಂಗಪ್ಪನವರು ಬೆಚ್ಚಿದರು, ಮುಷ್ಟಿ ಮುಚ್ಚಿ ಎಲೆ ಪುಡಿಯಾಯಿತು. ಅವಳು ಇನ್ನೊಂದು ಎಲೆ ತಂದಳು. ಅದು ಬಿತ್ತು. ಮತ್ತೊಂದು. ಬೀಳುವುದಕ್ಕೆ ಹೆದರದಿರಲು ಕೈಗೆ ಕಲಿಸಬೇಕಾದರೆ ಹೀಗೆ ಬೀಳಿಸಿಯೇ ಕಲಿಸಬೇಕು ಎನ್ನುತ್ತಿದ್ದಳು. ಎಲೆ ನಿಂತ ಮೇಲೆ ನಿಂಬೆಹಣ್ಣು ಬಂತು. ಅದು ಉರುಳಿ ಉರುಳಿ ಮಂಚದಡಿ ಸೇರಿದರೆ, "ಹೋಗ್ಲಿ ಬಿಡಿ, ಬಿದ್ದಿದ್ದಕ್ಕೆಲ್ಲ ಉಪ್ಪಿನಕಾಯಿ ಹಾಕ್ತೀನಿ. ಈ ವರ್ಷ ಪೇಟೆಗೆ ಕಳಿಸೋಷ್ಟಾಗುತ್ತೆ" ಎಂದರು ಬಸಮ್ಮ. ಲಿಂಗಪ್ಪನವರು ಅವತ್ತು ನಕ್ಕರು. ನಗುವಾಗ ಕೈ ತೆರೆದೇ ಇತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ, ಕುಸುಮಾ ಕಣ್ಣಲ್ಲೇ ಬಸಮ್ಮನವರಿಗೆ ಸುಮ್ಮನಿರಲು ಹೇಳಿದ್ದಳು.

ಕೊಯ್ಲು ಮುಗಿಯಿತು. ಕಣದಲ್ಲಿ ಕಾಫಿ ಒಣಗಿ ಮೂಟೆಯಾಯಿತು. ಹೂಮಳೆ ಬಂದು ಕಾಫಿ ಹೂ ಅರಳಿ ತೋಟಗಳೆಲ್ಲ ಬೆಳ್ಳಗಾದ ವಾರ ಕುಸುಮಾ ಎಂದಿನಂತೆ ಆ ಮನೆಗೆ ಹೋದಳು. ಅಡುಗೆಮನೆಯಿಂದ ಬಸಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಂದವರು ಅವಳ ತೋಳು ಹಿಡಿದು ನಿಂತರು. ಲಿಂಗಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಮಡಿ ಪಂಚೆ ಉಟ್ಟು, ತಟ್ಟೆಯಲ್ಲಿದ್ದ ಉಪ್ಪಿಟ್ಟು ತಿನ್ನುತ್ತಿದ್ದರು. ಬೆಳಗಿನ ತಿಂಡಿ.

"ಬಾಗಿಲು ಹಾಕ್ಕೊಂಡು ಪೂಜೆಗೆ ಒಬ್ರೇ ಕೂತಿದ್ರು ಕಣೇ" ಎಂದರು ಬಸಮ್ಮ. "ಕೈ ನಡುಗಿತಂತೆ. ನೀರೆಲ್ಲ ತೊಡೆ ಮೇಲೆ ಚೆಲ್ಲಿತಂತೆ. ತೊಡೆ ಮೇಲೆ ದಿಂಬಿಟ್ಟು ಅದರ ಮೇಲೆ ಕೈ ಇಟ್ಕೊಂಡಿದ್ರಂತೆ. ಅವನು ಕೂತಿದ್ದ."

ಲಿಂಗಪ್ಪನವರು ತಟ್ಟೆ ಪಕ್ಕಕ್ಕಿಟ್ಟು ಎಡಗೈಯನ್ನು ತಾವೇ ಮೆಲ್ಲನೆ ತಿರುಗಿಸಿ ಅವಳ ಮುಂದೆ ಚಾಚಿದರು. ಬೆರಳು ಪೂರ್ತಿ ನೆಟ್ಟಗಾಗಿರಲಿಲ್ಲ. ಅಂಗೈ ಇನ್ನೂ ತೇವವಾಗಿತ್ತು, ನಡುವೆ ವಿಭೂತಿಯ ಗುರುತಿತ್ತು. ಕುಸುಮಾ ಮುಟ್ಟಿ ನೋಡಲಿಲ್ಲ. ನೋಡಿ ತಲೆಯಾಡಿಸಿದಳು.

ಅವಳು ಹೊರಡುವ ಹೊತ್ತಿಗೆ ಅಂಗಡಿಯಿಂದ ಕಲ್ಲೇಶ್ ಬಂದ. "ಮೇಡಂ, ನಾಳೆ ಬೆಳಿಗ್ಗೆ ಮೂಡಿಗೆರೆಗೆ ಕಾರು ಕಳಿಸ್ತೀನಿ. ಅಪ್ಪ ಪೂಜೆಗೆ ಕೂರೋವಾಗ ನೀವು ಎದುರಿಗಿರ್ಬೇಕು ಅಂತಿದ್ದಾರೆ. ನಮ್ಮ ದೇವರ ಕೋಣೆಗೆ ಹೊರಗಿನವರನ್ನ ಯಾವತ್ತೂ ಕರೆದಿದ್ದಿಲ್ಲ. ನೀವು ಹೊರಗಿನವರಲ್ಲ ಅಂತ ಅವ್ರೇ ಹೇಳಿದ್ರು."

ಕುಸುಮಾ ಚೀಲ ಹೆಗಲಿಗೇರಿಸಿಕೊಂಡಳು. ಅವಳಿಗೆ ಆಸೆಯಿತ್ತು ಎಂದು ನನಗೆ ಗೊತ್ತು, ಆಮೇಲೆ ಮನೆಗೆ ಬಂದು ಅವಳೇ ಹೇಳಿದಳು.

"ಬೇಡ ಕಲ್ಲೇಶಣ್ಣ."

"ಯಾಕೆ ಮಗಾ?" ಎಂದರು ಲಿಂಗಪ್ಪನವರು. "ನಿನಗೆ ನೋಡ್ಬೇಕು ಅನ್ಸೋದಿಲ್ವಾ?"

"ಅನ್ಸುತ್ತೆ ಅಪ್ಪಾಜಿ. ಆದ್ರೆ ನಾನು ಎದುರಿಗೆ ಕೂತ್ರೆ ನಿಮ್ಮ ಕೈ ನನಗೆ ತೋರ್ಸೋಕೆ ಹೊರಡುತ್ತೆ. ಆಗ ಮತ್ತೆ ಬಿಗಿಯುತ್ತೆ. ಅಲ್ಲಿ ನೀವು, ನಿಮ್ಮ ಲಿಂಗ, ಇಬ್ರೇ ಇರಿ."

"ಬಾಗಿಲ ಹತ್ರ ನಿಂತ್ಕೋ ಮಗಳೇ, ಅವರಿಗೆ ಕಾಣ್ದ ಹಾಗೆ" ಎಂದರು ಬಸಮ್ಮ.

"ನಾನಿದ್ದೀನಿ ಅಂತ ಗೊತ್ತಿರುತ್ತಲ್ಲಮ್ಮ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. "ಕಾರು ಕಳಿಸ್ಬೇಡಿ ಕಲ್ಲೇಶಣ್ಣ. ಗುರುವಾರ ನಾನು ಜೀಪಲ್ಲೇ ಬರ್ತೀನಿ, ಪೂಜೆ ಎಲ್ಲ ಮುಗಿದ ಮೇಲೆ."