ಸೀರೆ ಹೊದ್ದ ಅವರೆ

ಹೋದ ವರ್ಷ ಧನುರ್ಮಾಸದ ಚಳಿ ಒಂದೇ ವಾರದಲ್ಲಿ ನನ್ನ ಟೊಮೇಟೊ ತೋಟವನ್ನು ಕರ್ರಗೆ ಸುಟ್ಟುಹಾಕಿತು. ಅದಕ್ಕಿಂತ ಜೋರಾಗಿ ಸುಟ್ಟದ್ದು ಮಾರಿಕುಪ್ಪಂ ಭಾವನ, ಅಂದರೆ ನನ್ನಕ್ಕನ ಗಂಡನ, ಮಾತು. ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ, "ಚಳಿಗಲ್ಲ ಕಣ್ರಪ್ಪಾ, ಇವ್ನ ಚಿಂತೆ ತಗ್ಲಿಯೇ ಗಿಡ ಒಣಗೋಯ್ತು" ಅಂದುಬಿಟ್ಟ. ಎಲೆ ಮುಂದೆ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೊಳಗೇ, ಇರಲಿ ಮಗನೇ ಅಂದುಕೊಂಡೆ.

ಈ ವರ್ಷ ಅವರೆ ಹಾಕಿದೆ. ಅವರೆಗೆ ಚಳಿ ಬೇಕು, ಇಬ್ಬನಿ ಬಿದ್ದರೇ ಸೊಗಡು ಅನ್ನುವುದು ನಮ್ಮ ಕ್ಯಾಸಂಬಳ್ಳಿ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಒಂದು ಬೆಳಗ್ಗೆ ಬೇಲಿ ಮೇಲೆ ಓತಿಕ್ಯಾತ ಚಳಿಗೆ ಕಡ್ಡಿಯ ಹಾಗೆ ಸೆಟೆದು ಕೂತಿತ್ತು, ಮುಟ್ಟಿದರೂ ಓಡಲಿಲ್ಲ. ಹೆದರಲು ನನಗೆ ಅಷ್ಟು ಸಾಕಾಯಿತು. ಹೆಂಡತಿಯ ಹಳೇ ಸೀರೆಗಳನ್ನೆಲ್ಲ ತಂದು ಗಿಡಗಳಿಗೆ ಹೊದಿಸಿದೆ, ಹಗಲಲ್ಲೂ ತೆಗೆಯಲಿಲ್ಲ. ಅರ್ಧ ಹೊಲಕ್ಕೇ ಸೀರೆ ಮುಗಿದವು. ಉಳಿದರ್ಧವನ್ನು ದೇವರಿಗೆ ಬಿಟ್ಟೆ.

ಸಂಕ್ರಾಂತಿ ಹೊತ್ತಿಗೆ ಕಾಯಿ ಕಿತ್ತು ನೋಡಿದರೆ, ದೇವರೇ ನನಗಿಂತ ಒಳ್ಳೆಯ ರೈತ. ಸೀರೆಯಿಲ್ಲದ ಬಯಲಿನ ಸಾಲುಗಳಲ್ಲಿ ಹುಳ ಚಳಿಗೆ ಸತ್ತಿತ್ತು, ಬದುಕಿದ್ದನ್ನು ಹಸಿದ ಮೈನಾಗಳು ಹೆಕ್ಕಿದ್ದವು. ಆ ಕಾಯಿ ಮುಟ್ಟಿದ ಕೈ ಎಷ್ಟು ತೊಳೆದರೂ ಸೊಗಡು ಹೋಗದು. ಸೀರೆಯೊಳಗೆ ಬೆಚ್ಚಗೆ ಬೆಳೆದದ್ದು ಹುಳ ಮಾತ್ರ. ಕಾಯಿಗೆ ಹುಲ್ಲಿನಷ್ಟೂ ವಾಸನೆಯಿಲ್ಲ.

ಅವತ್ತೇ ಭಾವ ಪ್ರತಿವರ್ಷದಂತೆ ಚೀಲ ಹಿಡಿದು ಬಂದ.

"ಏನ್ ಬಾಮೈದಾ, ಅವರೆಗೆ ಸೀಮಂತ ಮಾಡ್ದಂಗದೆ!"

"ಬನ್ನಿ ಭಾವ, ಬಯಲಿನ ಸಾಲಲ್ಲಿ ಕಿತ್ಕೊಡ್ತೀನಿ."

ನಿಜವಾಗಿ ಹಾಗೇ ಅಂದೆ. ಅವನು ಕಣ್ಣು ಕಿರಿದು ಮಾಡಿದ. "ಲೇ, ಮುಚ್ಚಿಟ್ಟಿದ್ದೀಯ ಅಂದ್ರೆ ಅದೇ ಒಳ್ಳೇದಿರ್ಬೇಕು. ಅದ್ರಾಗೇ ಕಿತ್ಕೊಡ್ಲಾ."

"ಅದು ಬ್ಯಾಡ ಭಾವ..." ಅಂತ ಸ್ವಲ್ಪ ಎಳೆದೆ. ಎಳೆದಷ್ಟೂ ಅವನ ಆಸೆ ಹೆಚ್ಚಾಯಿತು. ಚೀಲದ ಬಾಯಿ ಕಟ್ಟಲಾಗದಷ್ಟು ತುಂಬಿಕೊಟ್ಟೆ.

ಮರುದಿನ ಬೆಳಗ್ಗೆ ಫೋನು. "ಏನ್ಲಾ ಇದು! ಇದುಕಿದ್ರೆ ಕಾಳಿಗಿಂತ ಹುಳವೇ ಜಾಸ್ತಿ ಬತ್ತದೆ. ನಿಮ್ಮಕ್ಕ ಸಾರು ಚೆಲ್ಬಿಟ್ಲು."

"ಅಯ್ಯೋ, ಎಲ್ಲಾ ಚಳೀದೇ ಕೆಲ್ಸ ಭಾವ."

"ಇರು, ಭಾನುವಾರ ಬತ್ತೀನಿ. ಬಯಲಿನ ಸಾಲ್ನಾಗೆ ನಾನೇ ಕಿತ್ಕೊಂಡ್ ಓಗ್ತೀನಿ."

ಶನಿವಾರವೇ ಬಂದುಬಿಟ್ಟರೆ? ಫೋನಿಟ್ಟ ಗಳಿಗೆಯಲ್ಲೇ ಹೆಂಡತಿಯನ್ನು ಎಬ್ಬಿಸಿಕೊಂಡು ಹೊಲಕ್ಕಿಳಿದೆ. ಮಧ್ಯಾಹ್ನದೊಳಗೆ ಬಯಲಿನ ಸಾಲೆಲ್ಲ ಬೋಳಾಗಿ, ಮೂಟೆಗಳು ಬಂಗಾರಪೇಟೆ ಮಾರ್ಕೆಟ್ಟಿಗೆ ಹೋದವು. ಸೀರೆಯ ಸಾಲುಗಳನ್ನು ಮಾತ್ರ ಮುಟ್ಟಿಲ್ಲ. ಭಾನುವಾರಕ್ಕೆ ಬೇಕಲ್ಲ.