ಹನ್ನೆರಡು ನಿಮಿಷದ ನೆರಳು

ನಮ್ಮ ಶಾಲೆಯ ಗಂಟೆ ಮಾಮನ ಬಗ್ಗೆ ಬರೆಯಲು ಹೊರಟರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಅದೇ ಕಷ್ಟ. ಅವರ ತಪ್ಪು ಹನ್ನೆರಡು ನಿಮಿಷದ್ದು. ನನ್ನದು ಎಷ್ಟು ಹೊತ್ತಿನದು ಅಂತ ಇನ್ನೂ ಲೆಕ್ಕ ಸಿಕ್ಕಿಲ್ಲ.

ಶಾಲೆಗೆ ಬರುವ ಮೊದಲು ಅವರು ಬೇಕರಿಯಲ್ಲಿ ಒಲೆ ಕಾಯುತ್ತಿದ್ದರು. ನಿಮಿಷದ ಬೆಲೆ ಅಲ್ಲೇ ಕಲಿತದ್ದಂತೆ. "ಎರಡು ನಿಮಿಷ ಜಾಸ್ತಿ ಆದ್ರೆ ಬ್ರೆಡ್ಡು ಕರಕಲು ಟೀಚರ್. ಮಕ್ಕಳೂ ಅಷ್ಟೇ, ಹೊತ್ತಿಗೆ ಸರಿಯಾಗಿ ಆಚೆ ಬಿಡಬೇಕು," ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಕಸ ಗುಡಿಸುವುದು, ನೀರು ತುಂಬಿಸುವುದು, ಮುರಿದ ಬೆಂಚಿಗೆ ಮೊಳೆ ಹೊಡೆಯುವುದು ಎಲ್ಲ ಅವರದೇ. ಆದರೆ ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ, ಗಂಟೆ ಹೊಡೀತೀನಿ. ದಿನಾ ಬೆಳಗ್ಗೆ ರೇಡಿಯೋ ವಾರ್ತೆಗೆ ಕೈಗಡಿಯಾರ ಸರಿಮಾಡಿಕೊಂಡೇ ಮನೆ ಬಿಡುತ್ತಿದ್ದರು. ಹೊಲಿಗೆ ಮಾಡುವ ಅವರ ಹೆಂಡತಿ ಒಮ್ಮೆ ನನ್ನ ರವಿಕೆಯ ಅಳತೆ ತೆಗೆದುಕೊಳ್ಳುತ್ತಾ, "ನಾನು ಹೇಳಿದ್ದು ಈ ಕಿವೀಲಿ ಹೋಗಿ ಆ ಕಿವೀಲಿ ಬರುತ್ತೆ. ರೇಡಿಯೋ ಹೇಳಿದ್ದು ಮಾತ್ರ ಒಳಗೇ ಉಳಿಯುತ್ತೆ ನೋಡಿ," ಎಂದು ನಕ್ಕಿದ್ದರು.

ನಾನಂತೂ ಅವರ ಗಂಟೆಗೆ ಪೂರ್ತಿ ಶರಣಾಗಿದ್ದೆ. ಅವರು ಹೊಡೆದಾಗ ನನ್ನ ವಾಚು ಬೇರೆ ತೋರಿಸಿದರೆ ವಾಚಿನ ಮುಳ್ಳನ್ನೇ ತಿರುಗಿಸುತ್ತಿದ್ದೆ. ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿದ್ದೆ.

ನಾಲ್ಕನೇ ತರಗತಿಗೆ ವಸಂತದಲ್ಲಿ ಪ್ರಾಜೆಕ್ಟು ಮಾಡಿಸಬೇಕು. ಬೇರೆ ಶಾಲೆಗಳವರು ಹೂವಿನ ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಸ್ವಲ್ಪ ಜಂಬ. ದಿನಾ ಹತ್ತೂವರೆಗೆ, ಮೂರನೇ ಪೀರಿಯಡ್ಡಿನ ಗಂಟೆ ಹೊಡೆದ ಕೂಡಲೇ, ಅಂಗಳದ ಕಬ್ಬಿಣದ ಕಂಬದ ನೆರಳು ಅಳೆಯುವುದು, ಗೋಡೆಯ ನಕ್ಷೆಯಲ್ಲಿ ಒಂದು ಚುಕ್ಕಿ ಇಡುವುದು. ಬಿಸಿಲು ಏರಿದ ಹಾಗೆ ನೆರಳು ದಿನಕ್ಕೆ ಒಂದೆರಡು ಸೆಂಟಿಮೀಟರ್ ಕುಗ್ಗುತ್ತದೆ. ಚುಕ್ಕಿಗಳನ್ನು ಸೇರಿಸಿದರೆ ಇಳಿಜಾರಿನ ಗೆರೆ. ಋತು ಬದಲಾಗುವುದನ್ನು ಮಕ್ಕಳು ತಮ್ಮ ಕಣ್ಣಿಂದಲೇ ನೋಡಲಿ ಅಂತ ನನ್ನ ಆಸೆ.

ಅಳೆಯುವ ಕೆಲಸ ಇಂಚು ಎಂಬ ಹುಡುಗಿಗೆ ಕೊಟ್ಟೆ. ತರಗತಿಯಲ್ಲೇ ಎಲ್ಲರಿಗಿಂತ ಗಿಡ್ಡಿ ಎಂದು ಮಕ್ಕಳು ಇಟ್ಟ ಹೆಸರು ಅದು, ಅವಳಿಗೂ ಬೇಜಾರಿರಲಿಲ್ಲ. ಕಂಬದ ಬುಡದ ಮೊಳೆಗೆ ಟೇಪಿನ ಕೊಂಡಿ ಸಿಕ್ಕಿಸಿ, ನೆರಳಿನ ತುದಿಯಲ್ಲಿ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಓದುತ್ತಿದ್ದಳು. ಸುಮಾರು, ಹತ್ತಿರ ಹತ್ತಿರ ಎನ್ನುವ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಲಂಗದ ಮುಂಭಾಗ ಮಣ್ಣು ಮೆತ್ತಿಕೊಂಡು ಓಡಿ ಬಂದು ಸಂಖ್ಯೆ ಹೇಳಿ ನಿಂತರೆ ನನಗೇ ಖುಷಿ.

ಆ ಗುರುವಾರ ಬಂತು. ಗುರುವಾರ ಮುಖ್ಯೋಪಾಧ್ಯಾಯಿನಿ ಸಭೆಗೆ ಹೋಗುತ್ತಾರೆ, ದೊಡ್ಡ ತರಗತಿಗಳು ಮೈದಾನದಲ್ಲಿರುತ್ತವೆ. ಒಳಗೆ ಉಳಿದವರಿಗೆ ಗಂಟೆ ಹೊಡೆದಾಗಲೇ ಹೊತ್ತು. ಅವತ್ತು ಹಿತವಾದ ಬಿಸಿಲು, ಮರದಲ್ಲಿ ಹೊಸ ಚಿಗುರು. ಗಂಟೆ ಮಾಮ ಮೆಟ್ಟಿಲ ಮೇಲೆ ಕೂತಿದ್ದವರಿಗೆ ಹಾಗೇ ಕಣ್ಣು ಹತ್ತಿತು. ಎಚ್ಚರವಾದಾಗ ಹನ್ನೆರಡು ನಿಮಿಷ ಹೋಗಿತ್ತು. ಎದ್ದು ಓಡಿ ಹೊಡೆದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ಹಾಳು ವಾಚು ಮುಂದೆ ಓಡಿದೆ ಎಂದು ಬೈದು ಮುಳ್ಳನ್ನು ಹಿಂದಕ್ಕೆ ತಿರುಗಿಸಿದೆ ಅಷ್ಟೆ.

ಇಂಚು ಹೋಗಿ ಬಂದಳು. "ನೂರ ತೊಂಬತ್ತನಾಲ್ಕು, ಮಿಸ್."

ಹಿಂದಿನ ದಿನ ಇನ್ನೂರ ಹನ್ನೆರಡು ಇತ್ತು. "ಸರಿಯಾಗಿ ನೋಡ್ಕೊಂಡು ಬಾ," ಎಂದು ಮತ್ತೆ ಕಳಿಸಿದೆ. ಈ ಸಲ ಹೆಚ್ಚು ಹೊತ್ತು ಮಲಗಿ ನೋಡಿರಬೇಕು. ಬಂದವಳು ಮೆಲ್ಲಗೆ, "ಈಗ ನೂರ ಎಂಬತ್ತೆಂಟು," ಎಂದಳು.

ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿ. "ಒಂದ್ಸಲ ಹೋದ್ರೆ ಒಂದು, ಇನ್ನೊಂದ್ಸಲ ಹೋದ್ರೆ ಇನ್ನೊಂದು. ಸೂರ್ಯ ಏನು ಕುಂಟೆಬಿಲ್ಲೆ ಆಡ್ತಿದ್ದಾನಾ?" ಎಂದೆ. ತರಗತಿ ಗೊಳ್ಳೆಂದಿತು. ಅವಳು, "ಟೇಪಲ್ಲಿ ಅಷ್ಟೇ ಇದೆ ಮಿಸ್," ಎಂದಳು. ನಾನು, "ಆಟಕ್ಕೆ ಮನಸ್ಸು ಹೋಗಿದ್ರೆ ಹಾಗೆ ಹೇಳು. ಸುಳ್ಳು ಸಂಖ್ಯೆ ತಂದು ಕೊಡಬೇಡ," ಎಂದೆ.

ಕಂಬ ನನ್ನ ಕಿಟಕಿಯಿಂದ ಮೂವತ್ತು ಹೆಜ್ಜೆ. ಎದ್ದು ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಅವಳ ಚುಕ್ಕಿಯ ಮೇಲೆ ಕೆಂಪು ಗೀಟು ಎಳೆದು, ಟೇಪನ್ನು ತರಗತಿಯ ಲೀಡರ್ ಹುಡುಗನಿಗೆ ಕೊಡಿಸಿದೆ. ಅವಳು ಅಳಲಿಲ್ಲ, ಟೇಪನ್ನು ನೀಟಾಗಿ ಸುತ್ತಿ ಕೊಟ್ಟಳು. ಮರುದಿನ ಲೀಡರ್ ಇನ್ನೂರೆಂಟು ಎಂದ. ಗೆರೆ ದಾರಿಗೆ ಬಂತು. "ನೋಡಿದ್ರಾ?" ಎಂದು ಇಡೀ ತರಗತಿಗೆ ತೋರಿಸಿದೆ. ಆ 'ನೋಡಿದ್ರಾ' ಈಗಲೂ ನನ್ನ ಕಿವಿಯಲ್ಲಿದೆ.

ಅವತ್ತು ಮಧ್ಯಾಹ್ನ ಇಂಚು ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತಿದ್ದನ್ನು ಗಂಟೆ ಮಾಮ ನೋಡಿದರು.

"ಯಾಕಮ್ಮ, ಊಟ ಬಿಟ್ಟು ಇಲ್ಲಿ ಕೂತಿದ್ದೀಯ?"

"ಮಿಸ್ ನನ್ನ ಸುಳ್ಳಿ ಅಂದ್ರು ಮಾಮ. ನಿನ್ನೆ ನೆರಳು ನಿಜವಾಗ್ಲೂ ಚಿಕ್ಕದಾಗಿತ್ತು. ನಂಗೆ ಅಳೆಯೋಕೆ ಬರಲ್ವೇನೋ."

ಇಪ್ಪತ್ತಾರು ವರ್ಷ ಆ ಅಂಗಳ ಗುಡಿಸಿದವರಿಗೆ ಕಂಬದ ನೆರಳು ಯಾವ ಹೊತ್ತಿಗೆ ಯಾವ ಕಲ್ಲಿನ ಮೇಲಿರುತ್ತದೆ ಎಂದು ಗೊತ್ತಿಲ್ಲವೇ? ಹೊತ್ತು ಏರಿದಷ್ಟೂ ನೆರಳು ಗಿಡ್ಡ, ತಪ್ಪಿದ್ದು ತನ್ನ ಗಂಟೆಯೇ ಎಂದು ಆಗಲೇ ಹೊಳೆಯಿತಂತೆ. ನನ್ನ ಬಳಿ ಹೇಳಬೇಕೆಂದು ಎರಡು ಸಲ ಬಾಗಿಲವರೆಗೆ ಬಂದರು, ಎರಡು ಸಲವೂ ನೀರಿನ ಕೊಡ ಇಟ್ಟು ಹೋದರು. ಕಾರಣ ಇತ್ತು. ಕರೆಂಟಿನ ಗಂಟೆ ಹಾಕಿಸುವ ಮಾತು ಆ ತಿಂಗಳೇ ಎದ್ದಿತ್ತು. "ನಾನಿರೋವರೆಗೂ ಬೇಡ ಮೇಡಂ, ನಾನೇನು ಒಂದು ದಿನ ತಪ್ಪಿದ್ದೀನಾ?" ಎಂದು ಎಲ್ಲರೆದುರು ಎದೆ ತಟ್ಟಿಕೊಂಡಿದ್ದರು. ಈಗ ನಿದ್ದೆ ಹೋದೆ ಅಂದರೆ ಗಂಟೆ ಕೈ ತಪ್ಪಿತು. ಮನೆಯಲ್ಲಿ ಅನ್ನ ಇಳಿಯಲಿಲ್ಲವಂತೆ. ಹೆಂಡತಿ, "ಬಾಯಿ ಬಿಟ್ಟು ಹೇಳಿದ್ರೆ ಹೊಟ್ಟೆಗೆ ಇಳಿಯುತ್ತೆ," ಎಂದರೂ ತುಟಿ ಬಿಚ್ಚಲಿಲ್ಲ.

ಬಾಯಿ ಬಿಡದೆಯೇ ಹೇಳಲು ಒಂದು ದಾರಿ ಹುಡುಕಿದರು. ಮುಂದಿನ ಗುರುವಾರ, ಪೂರ್ತಿ ಎಚ್ಚರವಾಗಿದ್ದುಕೊಂಡೇ, ಹನ್ನೆರಡು ನಿಮಿಷ ಕಾದು ಗಂಟೆ ಹೊಡೆದರು. ಇವತ್ತೂ ನೆರಳು ಕುಗ್ಗಿರುತ್ತದೆ, ಲೀಡರ್ ಹುಡುಗನೂ ಅದನ್ನೇ ತಂದು ಹೇಳುತ್ತಾನೆ, ತಪ್ಪು ಗಂಟೆಯದು ಎಂದು ಟೀಚರಿಗೆ ತಾನಾಗಿ ಹೊಳೆಯುತ್ತದೆ, ಇಂಚು ಗೆಲ್ಲುತ್ತಾಳೆ ಎಂಬುದು ಅವರ ಲೆಕ್ಕ. ನಾನು ಮತ್ತೆ ವಾಚಿಗೆ ಬೈದೆ. ಹೊಸ ಬ್ಯಾಟರಿ ಹಾಕಿಸಿ ನಾಲ್ಕು ದಿನವಾಗಿರಲಿಲ್ಲ.

ಲೀಡರ್ ಓಡಿ ಬಂದ. ಒಳಗೆ ಕಾಲಿಟ್ಟವನು ಮೊದಲು ನಕ್ಷೆಯ ಕಡೆ ನೋಡಿದ, ಆಮೇಲೆ ನನ್ನ ಕಡೆ. "ನೂರ ತೊಂಬತ್ತಾರು, ಮಿಸ್." ಗೆರೆಗೆ ಹೇಳಿ ಮಾಡಿಸಿದ ಹಾಗಿತ್ತು. ಭೇಷ್ ಎಂದೆ. ಅವನು ಚುಕ್ಕಿ ಇಟ್ಟ.

ಬಾಗಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದ ಗಂಟೆ ಮಾಮ ಚುಕ್ಕಿಯನ್ನೇ ನೋಡುತ್ತಿದ್ದರು. ಕೊಡ ಕೆಳಗಿಟ್ಟರು.

"ಟೀಚರ್, ಆ ಚುಕ್ಕಿ ಅಲ್ಲಿರೋಕೆ ಸಾಧ್ಯ ಇಲ್ಲ."

"ಯಾಕೆ ಮಾಮ?"

"ನಾನು ಇವತ್ತು ಹನ್ನೆರಡು ನಿಮಿಷ ತಡವಾಗಿ ಹೊಡೆದೆ. ಬೇಕೂ ಅಂತ. ಹೋದ ಗುರುವಾರನೂ ತಡ ಆಗಿತ್ತು. ಅವತ್ತು ನಿದ್ದೆ ಬಂದುಬಿಟ್ಟಿತ್ತು. ಅವತ್ತು ಇಂಚು ತಂದಿದ್ದು ಸರಿಯಾದ ಅಳತೆ. ನಾನು ಒಂದು ವಾರದಿಂದ ಸುಮ್ನಿದ್ದೆ."

ಮೊದಲು ಅತ್ತದ್ದು ಲೀಡರ್. "ಟೇಪಲ್ಲಿ ನೂರ ಎಪ್ಪತ್ತೆಂಟು ಇತ್ತು ಮಿಸ್. ಹಾಗಂದ್ರೆ ನನ್ನನ್ನೂ ಸುಳ್ಳ ಅಂತೀರ ಅಂತ..." ಎಂದು ಬಿಕ್ಕಿದ.

ನಿಜ ಹೇಳಿದವಳನ್ನು ಸುಳ್ಳಿ ಮಾಡಿದೆ. ಸುಳ್ಳು ಹೇಳಿದವನಿಗೆ ಭೇಷ್ ಅಂದೆ. ಅವನಿಗೆ ಆ ಸುಳ್ಳನ್ನು ಕಲಿಸಿದ್ದೂ ನಾನೇ. ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನಾನು ಇಷ್ಟು ಚೆನ್ನಾಗಿ ಬೇರೆ ಯಾವ ಪಾಠವನ್ನೂ ಕಲಿಸಿರಲಿಕ್ಕಿಲ್ಲ. ಇಂಚುವಿನ ಬೆಂಚಿನ ಹತ್ತಿರ ಹೋಗಿ, "ತಪ್ಪು ನಂದು ಪುಟ್ಟ," ಎಂದೆ. ಅವಳು ತಲೆಯಾಡಿಸಿದಳು. ಗಂಟೆ ಮಾಮ ಕೈ ಮುಗಿದರು. ಅಷ್ಟು ದೊಡ್ಡವರು ಕೈ ಮುಗಿದರೆ ಏನು ಮಾಡಬೇಕೆಂದು ತಿಳಿಯದೆ ಅವಳು ಡೆಸ್ಕಿನ ಕೆಳಗೆ ಏನೋ ಹುಡುಕತೊಡಗಿದಳು.

ಸಂಜೆ ಅವರೇ ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಬೇಡವೆಂದು ನಾನು ತಡೆಯಬಹುದಿತ್ತು, ಒಂದೆರಡು ಒಳ್ಳೆಯ ಮಾತನ್ನಾದರೂ ಆಡಬಹುದಿತ್ತು. ನನ್ನ ಪಾಲಿನದನ್ನು ಹೇಳಬೇಕಾಗುತ್ತದಲ್ಲ ಎಂದು ಹಿಂಜರಿದೆ. ತಿಂಗಳೊಳಗೆ ಕರೆಂಟಿನ ಗಂಟೆ ಬಂತು. ಅದು ಕಿರ್ರೆಂದಾಗಲೆಲ್ಲ ಗುಡಿಸುತ್ತಿರುವ ಮಾಮನ ಕೈ ಒಂದು ಕ್ಷಣ ನಿಲ್ಲುತ್ತದೆ.

ಕೆಂಪು ಗೀಟನ್ನು ಮಕ್ಕಳೆದುರು ಅಳಿಸಿ, ಟೇಪನ್ನು ಇಂಚುವಿಗೆ, ಮಾಮ ತಪ್ಪು ಒಪ್ಪಿಕೊಂಡ ಮರುದಿನವೇ ಕೊಟ್ಟಿದ್ದೆ. ಅವತ್ತು ನಾವು ಎಲ್ಲರೂ ಅಂಗಳಕ್ಕೆ ಹೋದೆವು. ಗಂಟೆ ಮಾಮ ಹೊತ್ತಿಗೆ ಸರಿಯಾಗಿ ಹೊಡೆದು, ಕೋಲು ಕೈಯಲ್ಲೇ ಹಿಡಿದು ಹತ್ತಿರ ಬಂದರು. ಇಂಚು ಕೊಂಡಿ ಸಿಕ್ಕಿಸಿದಳು, ಬೋರಲು ಮಲಗಿದಳು, ಒಂದು ಕಣ್ಣು ಮುಚ್ಚಿದಳು. ಬಹಳ ಹೊತ್ತು ನೋಡಿದಳು.

"ಎಷ್ಟಿದೆ ಪುಟ್ಟ?" ಎಂದು ಮಾಮ ಕೇಳಿದರು.

ಅವಳು ಟೇಪಿನಿಂದ ತಲೆ ಎತ್ತಿ ನನ್ನ ಮುಖ ನೋಡಿದಳು.

"ಎಷ್ಟು ಬರಬೇಕು, ಮಿಸ್?"