ಬೋಳು ನೆತ್ತಿಯ ಮರಿ

ಅತ್ತೆಯ ಬೆರಳುಗಳು ಕುರಿಮರಿಯ ನೆತ್ತಿಯ ಮೇಲೆ ಮತ್ತೆ ಮತ್ತೆ ತಡಕಾಡಿದವು. ಕೊಂಬು ಮೊಳೆಯಬೇಕಾದ ಜಾಗದಲ್ಲಿ ಒಂದು ಗಂಟೂ ಕೈಗೆ ಸಿಗಲಿಲ್ಲ. ಮಾರ್ಕಯನ್‌ಕೋಟ್ಟೈಯ ನಮ್ಮ ಮನೆಯಲ್ಲಿ ಸೊಸೆ ಬಸುರಿಯಾದರೆ ಮನೆದೇವರ ಹೆಸರಿನಲ್ಲಿ ಒಂದು ಗಂಡುಮರಿಗೆ ಅರಿಸಿನ ಹಚ್ಚುತ್ತಾರೆ. ಹೆರಿಗೆಯಾದ ಮೇಲೆ ಅದರ ಕೊಂಬಿಗೆ ಹೂ ಸುತ್ತಬೇಕು. ನನಗಾಗಲೇ ಏಳು ತಿಂಗಳು ತುಂಬಿತ್ತು.

"ಇದ್ರ ಅಪ್ಪನ್ಗೆ ಅಷ್ಟು ದೊಡ್ಡ ಕೊಂಬೈತೆ. ಇದು ತಾಯಿ ಕಡೇದು," ಎಂದರು ಅತ್ತೆ. ಆ ತಾಯಿಕುರಿಯ ಅಪ್ಪ ಬೋಳು ಟಗರಂತೆ. ಹೆಣ್ಣುಕುರಿಗಳಿಗೆ ಹೇಗೂ ಕೊಂಬಿಲ್ಲವಾದ್ದರಿಂದ ಇಷ್ಟು ದಿನ ಯಾರಿಗೂ ಅದು ನೆನಪಾಗಿರಲಿಲ್ಲ.

ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಬೋಡಿನಾಯಕನೂರಿನ ತವರಿನಲ್ಲಿರುವ ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ನಮ್ಮ ಸೋದರಮಾವನಿಗೂ ಹಾಗೆಯೇ. ಮದುವೆಗೆ ಮೊದಲೇ ಅತ್ತೆಗೆ ಇದೆಲ್ಲ ಗೊತ್ತಿತ್ತು.

ಅವರು ನನ್ನ ಮುಖ ನೋಡಿದರು. ಬೇರೆ ಮರಿ ಹುಡುಕಲಿಲ್ಲ. ಆ ಬೋಳು ನೆತ್ತಿಗೇ ಅರಿಸಿನ ಬಳಿದರು. "ಕೊಂಬಿಲ್ದಿದ್ರೆ ಏನು, ನನ್ ಕಣ್ಣು, ನಮ್ಮ ಕೊಟ್ಟಿಗೇಲಿ ಹುಟ್ಟಿದ್ದು ತಾನೆ? ಹೂವ ಕೊರಳಿಗೆ ಹಾಕಣ."

ಅಂದಿನಿಂದ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಾರೆ. ನನ್ನ ಮೇಲೆ ಸಿಟ್ಟೇನೋ ಅಂದುಕೊಂಡಿದ್ದೆ. ನಿನ್ನೆ ಚೊಂಬು ಠಣ್ಣೆಂದು ಬಿದ್ದಾಗ ತಿರುಗಿ ನೋಡಿದೆ. ಆ ಸದ್ದಿಗೆ ಒಳಗಿನ ಮಗು ಬೆಚ್ಚುತ್ತದೋ ಇಲ್ಲವೋ ಎಂದು ಅವರು ಉಸಿರು ಬಿಗಿಹಿಡಿದು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ನಾನೂ ಅಲ್ಲಾಡದೆ ನಿಂತೆ.